ಏರುವ ಕಡಲು, ಏರುವ ನೆಲ

ಗಿಡವು ನೆಲವನ್ನು ಆಶ್ರಯಿಸಿ ಬದುಕುವುದೆಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಗಿಡವೇ ತಾನು ನಿಲ್ಲುವ ನೆಲವನ್ನು ಕಟ್ಟಿಕೊಳ್ಳುವ ಸ್ಥಳಗಳೂ ಉಂಟು. ಉಬ್ಬರದಲ್ಲಿ ಕಡಲ ನೀರು ಆವರಿಸಿ, ಇಳಿತದಲ್ಲಿ ಹಿಂದೆ ಸರಿಯುವ ಉಪ್ಪು ಜೌಗು ಅಂಥದೊಂದು ಸ್ಥಳ. ಕಡಲ ಮಟ್ಟ ಏರುತ್ತಿರುವ ಈ ಕಾಲದಲ್ಲಿ ಆ ಜೌಗು ಉಳಿಯುವುದೋ ಮುಳುಗುವುದೋ ಎಂಬುದು ಬಹುಮಟ್ಟಿಗೆ ಅಲ್ಲಿನ ಹುಲ್ಲಿನ ಬೇರನ್ನೇ ಅವಲಂಬಿಸಿದೆ. ಅದು ಹೇಗೆಂಬುದನ್ನು ನೋಡೋಣ.

ಜೌಗಿನ ಮಣ್ಣಿನಲ್ಲಿ ಸದಾ ನೀರು ತುಂಬಿರುವುದರಿಂದ ಗಾಳಿಗೆ ಎಡೆಯಿಲ್ಲ. ಆಮ್ಲಜನಕವಿಲ್ಲದೆಡೆಯಲ್ಲಿ ಸತ್ತ ಬೇರು ಬೇಗನೆ ಕೊಳೆಯದು. ವರ್ಷವರ್ಷವೂ ಬೇರಿನ ಮೇಲೆ ಬೇರು ಶೇಖರವಾಗುವುದು. ಉಬ್ಬರದ ನೀರು ತಂದ ಮೆಕ್ಕಲು ಮಣ್ಣೂ ದಂಟುಗಳ ನಡುವೆ ತಂಗುವುದು. ಹೀಗೆ ನೆಲವು ಮೆಲ್ಲಮೆಲ್ಲನೆ ಮೇಲೇಳುತ್ತದೆ. ಕಡಲು ನಿಧಾನವಾಗಿ ಏರಿದರೆ ನೆಲವೂ ಅದರ ಜೊತೆಜೊತೆಗೆ ಏರಬಲ್ಲುದು. ಆದರೆ ಈಗ ಲೋಕದ ಕಡಲುಗಳ ಸರಾಸರಿ ಏರಿಕೆ ವರ್ಷಕ್ಕೆ ಸುಮಾರು 4 ಮಿಲಿಮೀಟರಿನಷ್ಟಾಗಿದೆ.

ಈ ಏರಿಕೆಗೆ ಮುಖ್ಯ ಕಾರಣ ನಾವು ಕಲ್ಲಿದ್ದಲು, ಎಣ್ಣೆಗಳನ್ನು ಉರಿಸಿ ಗಾಳಿಗೆ ಸೇರಿಸುತ್ತಿರುವ ಇಂಗಾಲಾಮ್ಲ ವಾಯು. ಅದು ಭೂಮಿಯ ಶಾಖವನ್ನು ತಡೆಹಿಡಿಯುವುದರಿಂದ ಹಿಮರಾಶಿಗಳು ಕರಗುತ್ತವೆ, ಕಡಲ ನೀರು ಕಾದು ಹಿಗ್ಗುತ್ತದೆ. ಆದರೆ ಅದೇ ವಾಯುವಿನಿಂದಲೇ ಸಸ್ಯವು ತನ್ನ ಆಹಾರವನ್ನು ತಯಾರಿಸಿಕೊಳ್ಳುವುದಷ್ಟೆ. ಹಾಗಾದರೆ ಜೌಗನ್ನು ಮುಳುಗಿಸುವ ವಾಯುವೇ ಜೌಗಿನ ಹುಲ್ಲನ್ನು ಪುಷ್ಟಿಗೊಳಿಸಿ ಅದನ್ನು ಕಾಪಾಡಬಹುದಲ್ಲವೆ?

ಈ ಪ್ರಶ್ನೆಗೆ ಉತ್ತರ ಹುಡುಕುವ ದೀರ್ಘ ಪ್ರಯೋಗವೊಂದು ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ, ಚೆಸಪೀಕ್ ಕೊಲ್ಲಿಯ ಅಂಚಿನ ಜೌಗಿನಲ್ಲಿ ನಡೆದಿದೆ. ಸ್ಮಿತ್ಸೋನಿಯನ್ ಪರಿಸರ ಸಂಶೋಧನ ಕೇಂದ್ರದ ಬರ್ಟ್ ಡ್ರೇಕ್ ಅವರು 1987ರಲ್ಲಿ ಇದನ್ನು ಆರಂಭಿಸಿದರು. ಪಾರದರ್ಶಕ ಗೋಡೆಗಳಿದ್ದು ಛಾವಣಿಯಿಲ್ಲದ ಚಿಕ್ಕ ಕೋಣೆಗಳನ್ನು ಹುಲ್ಲಿನ ಮೇಲೆ ನಿಲ್ಲಿಸಿ, ಕೆಲವಕ್ಕೆ ಮಾಮೂಲು ಗಾಳಿಯನ್ನೂ ಕೆಲವಕ್ಕೆ ಇಂಗಾಲಾಮ್ಲ ವಾಯು ಸುಮಾರು ಇಮ್ಮಡಿಯಾಗಿರುವ ಗಾಳಿಯನ್ನೂ ಊದಲಾಯಿತು.

ಅಲ್ಲಿ ಎರಡು ಬಗೆಯ ಸಸ್ಯಗಳಿವೆ. ಮುಮ್ಮೂಲೆ ದಂಟಿನ ಜೇಕು, ಆಹಾರ ತಯಾರಿಸುವ ವಿಧಾನದಲ್ಲಿ ನಮ್ಮ ಭತ್ತದ ಗುಂಪಿಗೆ ಸೇರಿದುದು. ಮತ್ತೊಂದು ಬಗೆಯ ಹುಲ್ಲುಗಳು ರಾಗಿ, ಜೋಳ, ಕಬ್ಬುಗಳ ಗುಂಪಿನವು. ಈ ಎರಡನೆಯ ಗುಂಪು ಇಂಗಾಲಾಮ್ಲ ವಾಯುವನ್ನು ಎಲೆಯೊಳಗೇ ಸಾಂದ್ರಗೊಳಿಸಿಕೊಳ್ಳಬಲ್ಲುದಾದ್ದರಿಂದ, ಹೊರಗಿನ ಗಾಳಿಯಲ್ಲಿ ಅದು ಹೆಚ್ಚಿದರೂ ಆಗುವ ಲಾಭ ಅಲ್ಪ. ಜೇಕಾದರೋ ಹುಲುಸಾಗಿ ಬೆಳೆಯಿತು. ಅದೇ ಜೌಗಿನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಹೆಚ್ಚಿನ ವಾಯು ಪಡೆದ ನೆಲವು ಉಳಿದ ನೆಲಕ್ಕಿಂತ ವರ್ಷಕ್ಕೆ 3.9 ಮಿಲಿಮೀಟರಿನಷ್ಟು ಅಧಿಕವಾಗಿ ಏರಿತ್ತು. ಬೇರುಗಳ ಬೆಳವಣಿಗೆಯೇ ಇದಕ್ಕೆ ಕಾರಣ.

ಆದರೆ ಈ ನೆರವಿಗೆ ಮಿತಿಗಳುಂಟು. ಮಣ್ಣಿಗೆ ಸಾರಜನಕವನ್ನು ಸೇರಿಸಿದಾಗ ಎರಡನೆಯ ಗುಂಪಿನ ಹುಲ್ಲುಗಳು ಮೇಲುಗೈ ಪಡೆದು, ವಾಯುವಿನ ಲಾಭ ಕುಗ್ಗಿತೆಂದು 2010ರಲ್ಲಿ ತಿಳಿದುಬಂತು. ಹೊಲಗಳ ಗೊಬ್ಬರ ನದಿಗಳ ಮೂಲಕ ಕೊಲ್ಲಿಯನ್ನು ಸೇರುವ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ. ಅದಕ್ಕಿಂತಲೂ ಗಂಭೀರವಾದ ಫಲಿತಾಂಶ 2022ರಲ್ಲಿ ಹೊರಬಂದಿತು. 1987ರಿಂದ 2019ರವರೆಗಿನ 33 ವರ್ಷಗಳಲ್ಲಿ ಅಲ್ಲಿ ಕಡಲ ಮಟ್ಟ ಸುಮಾರು 23 ಸೆಂಟಿಮೀಟರ್ ಏರಿತ್ತು. ನೀರು ಹೆಚ್ಚು ಹೆಚ್ಚಾಗಿ ಆವರಿಸಿದಂತೆ, ಅಧಿಕ ವಾಯುವಿನಿಂದ ಜೇಕಿಗೆ ದೊರೆಯುತ್ತಿದ್ದ ಪುಷ್ಟಿಯೂ ಅಡಗುತ್ತ ಬಂದಿತ್ತು. ಉಸಿರುಗಟ್ಟಿದ ಬೇರಿಗೆ ಎಲೆಯ ಬಳಿಯ ಸಮೃದ್ಧಿಯಿಂದ ಪ್ರಯೋಜನವೇನು?

ಇಷ್ಟರಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಇಂಗಾಲಾಮ್ಲ ವಾಯು ತಾನು ಮಾಡಿದ ಹಾನಿಯನ್ನು ತಾನೇ ಸರಿಪಡಿಸುವುದೆಂದು ನಾವು ನಂಬಿ ಕೂಡುವಂತಿಲ್ಲ. ಅಲೆಗಳ ರಭಸವನ್ನು ತಗ್ಗಿಸುವ, ಮೀನಿನ ಮರಿಗಳಿಗೆ ಆಸರೆಯಾಗುವ, ಅಪಾರ ಇಂಗಾಲವನ್ನು ಮಣ್ಣಿನಲ್ಲಿ ಹೂತಿಡುವ ಈ ಜೌಗುಗಳು ಉಳಿಯಬೇಕಾದರೆ ಕಡಲ ಏರಿಕೆಯ ವೇಗ ತಗ್ಗಬೇಕು. ನೀರಿಗೆ ಸೇರುವ ಸಾರಜನಕ ಕಡಮೆಯಾಗಬೇಕು. ಹಿಂದೆ ಸರಿಯಲು ಜೌಗಿಗೆ ಒಳನಾಡಿನ ಕಡೆ ತೆರವಾದ ನೆಲವಿರಬೇಕು. ನೆಲವನ್ನು ಕಟ್ಟುವ ಕೆಲಸವನ್ನು ಬೇರು ಬಲ್ಲುದು. ಅದಕ್ಕೆ ಬೇಕಾದ ಕಾಲಾವಕಾಶವನ್ನು ಒದಗಿಸುವುದು ನಮ್ಮ ಕೈಯಲ್ಲಿದೆ.