ಹಳೆಯ ಕ್ಯಾಮರಾದ ಬೆಲೆ

ಮಂಗಳೂರಿನ ಮದುವೆ ಛಾಯಾಗ್ರಾಹಕನೊಬ್ಬನು ಐದು ವರ್ಷ ದುಡಿಸಿದ ತನ್ನ ಕ್ಯಾಮರಾವನ್ನೂ ಅದರ ಮಸೂರವನ್ನೂ ಮಾರಲು ನಿಶ್ಚಯಿಸಿದನು. ಅದು ಅವನಿಗೆ ಅನ್ನ ಕೊಟ್ಟ ಯಂತ್ರ. ಕೊಂಡಾಗ ತೆತ್ತ ಹಣವನ್ನು ಅವನು ಮರೆತಿರಲಿಲ್ಲ. ಆದರೆ ಕೊಳ್ಳಬರುವವನಿಗೆ ಆ ನೆನಪಿನಿಂದ ಆಗಬೇಕಾದುದೇನು? ಅದು ಇನ್ನೆಷ್ಟು ಕಾಲ ದುಡಿದೀತು ಎಂಬುದೇ ಅವನ ಪ್ರಶ್ನೆ.

ಇದನ್ನರಿಯಲು ಯಂತ್ರದ ಒಳಗನ್ನು ನೋಡಬೇಕು. ಎಸ್.ಎಲ್.ಆರ್. ಕ್ಯಾಮರಾಗಳಲ್ಲಿ ಮಸೂರದಿಂದ ಬಂದ ಬೆಳಕನ್ನು ಓರೆಯಾಗಿ ನಿಂತ ಕನ್ನಡಿಯೊಂದು ಮೇಲಕ್ಕೆ ತಿರುಗಿಸಿ, ಕಣ್ಣಿಟ್ಟು ನೋಡುವ ಕಿಂಡಿಗೆ ಕಳುಹಿಸುತ್ತದೆ. ಪ್ಯಾನಸೋನಿಕ್ ಸಂಸ್ಥೆಯು 2008ರಲ್ಲಿ ಹೊರತಂದ ಜಿ1 ಮಾದರಿಯಲ್ಲಿ ಮಸೂರವನ್ನು ಬದಲಿಸಬಹುದಾಗಿತ್ತು, ಆದರೆ ಕನ್ನಡಿ ಇರಲಿಲ್ಲ. ಇಂಥವುಗಳಿಗೆ ‘ಮಿರರ್‌ಲೆಸ್’ ಎಂದು ಹೆಸರು. ಇವುಗಳಲ್ಲಿ ಬೆಳಕು ನೇರವಾಗಿ ಸೆನ್ಸರ್ ಎಂಬ ಫಲಕದ ಮೇಲೆ ಬಿದ್ದು, ದೃಶ್ಯವು ಪುಟ್ಟ ಪರದೆಯ ಮೇಲೆ ಮೂಡುತ್ತದೆ. ಮಸೂರವನ್ನು ಕಳಚಿದರೆ ಅನೇಕ ಮಾದರಿಗಳಲ್ಲಿ ಸೆನ್ಸರ್ ಹೊರಗಿನ ಧೂಳಿಗೆ ತೆರೆದುಕೊಳ್ಳುತ್ತದೆ. ಆದುದರಿಂದ ಬಲ್ಲವನು ಮೊದಲು ಅದರ ಮೇಲಿನ ಗೀರು, ಕಲೆಗಳನ್ನು ಹುಡುಕುತ್ತಾನೆ.

ಅನಂತರದ್ದು ಶಟರು. ಮಧ್ಯಮ ದರ್ಜೆಯ ಹಲವು ಕ್ಯಾಮರಾಗಳ ಶಟರನ್ನು ತಯಾರಕರು ಒಂದರಿಂದ ಎರಡು ಲಕ್ಷ ಬಾರಿ ಪರೀಕ್ಷಿಸಿರುತ್ತಾರೆ. ಮದುವೆಯೊಂದಕ್ಕೆ 2,000 ಚಿತ್ರ ತೆಗೆಯುವವನು ಐವತ್ತು ಮದುವೆಗಳಲ್ಲಿ ಲಕ್ಷ ಮುಟ್ಟುತ್ತಾನೆ. ಈ ಎಣಿಕೆಯೂ ಪೂರ್ಣ ಸತ್ಯವನ್ನು ಹೇಳದು. ಗಂಟೆಗಟ್ಟಲೆ ವಿಡಿಯೊ ತೆಗೆದ ದುಡಿಮೆ ಅದರಲ್ಲಿ ಸೇರಿರುವುದಿಲ್ಲ.

ವಿಚಿತ್ರವೆಂದರೆ, ಕೆಡದ ಯಂತ್ರವೂ ಬೆಲೆ ಕಳೆದುಕೊಳ್ಳುತ್ತದೆ. ನಿಕಾನ್ ಸಂಸ್ಥೆಯು 2011ರಲ್ಲಿ ಆರಂಭಿಸಿದ ‘ನಿಕಾನ್ 1’ ಶ್ರೇಣಿಯನ್ನು 2018ರಲ್ಲಿ ನಿಲ್ಲಿಸಿತು. ಅದೇ ವರ್ಷ ಬಂದ ಅದರ ‘ಝಡ್’ ಕ್ಯಾಮರಾಗಳಿಗೆ ಆ ಮಸೂರಗಳು ಹೊಂದಲಿಲ್ಲ. ಸುಸ್ಥಿತಿಯಲ್ಲಿದ್ದರೂ ಅವಕ್ಕೆ ಮುಂದಿನ ದಾರಿ ಮುಚ್ಚಿತು. 1959ರಲ್ಲಿ ಮೊದಲಾದ ‘ಎಫ್’ ಜೋಡಣೆಯ ಅನೇಕ ಮಸೂರಗಳನ್ನಾದರೋ ಅಡಾಪ್ಟರ್ ಎಂಬ ನಡುಬಳೆಯ ನೆರವಿನಿಂದ ಝಡ್ ಕ್ಯಾಮರಾಕ್ಕೆ ತೊಡಿಸಬಹುದು. ಕ್ಯಾಮರಾದ ಒಡಲಿಗೆ ಬೇಗ ಮುಪ್ಪು. ಒಳ್ಳೆಯ ಮಸೂರಕ್ಕೆ ನಿಧಾನ. ಹೊಸ ಮಾದರಿ ಬಂದ ಮೇಲೆ ಮಾರಹೊರಟವನು ಸಾಮಾನ್ಯವಾಗಿ ಕಡಿಮೆಗೆ ಒಪ್ಪಬೇಕಾಗುತ್ತದೆ. ಅಂಗಡಿಗೆ ಕೊಟ್ಟರೆ ಇನ್ನೂ ಕಡಿಮೆ. ರಿಪೇರಿಯ ವೆಚ್ಚ, ಮಾಲು ಬಿಕರಿಯಾಗದೆ ಉಳಿಯುವ ಕಾಲ, ತನ್ನ ಲಾಭ ಇವನ್ನು ಕಳೆದೇ ಅಂಗಡಿಯವನು ಬೆಲೆ ಹೇಳುತ್ತಾನೆ. ಅದನ್ನು ಮೋಸವೆನ್ನಲಾಗದು.

ಮಂಗಳೂರಿನ ಛಾಯಾಗ್ರಾಹಕನು ಬಿಲ್ಲು, ಚಾರ್ಜರು, ಪೆಟ್ಟಿಗೆಗಳನ್ನು ಹೊಂದಿಸಿದನು. ಅಂಥವೇ ಕ್ಯಾಮರಾಗಳು ಈಚೆಗೆ ಎಷ್ಟಕ್ಕೆ ಹೋದುವೆಂದು ವಿಚಾರಿಸಿದನು. ಮಾರುವವರು ಕೇಳಿದ ಬೆಲೆಯನ್ನಲ್ಲ, ಅವರ ಕೈಗೆ ಬಂದ ಬೆಲೆಯನ್ನು. ಕೊನೆಗೆ ಮಸೂರವನ್ನು ದೀಪಕ್ಕೆ ಹಿಡಿದಾಗ ಅದರ ಅಂಚಿನಲ್ಲಿ ಜೇಡರ ಬಲೆಯಂಥ ಎಳೆಗಳು ಕಂಡವು. ಕರಾವಳಿಯ ತೇವದಲ್ಲಿ ಬೆಳೆದ ಬೂಷ್ಟು. ಕಸುಬಿನವರು ಫಂಗಸ್ ಎನ್ನುವುದು ಇದನ್ನೇ. ತೆಗೆದ ಚಿತ್ರಗಳಲ್ಲಿ ಅದರ ಸುಳಿವಿರಲಿಲ್ಲ. ಹೇಳದಿದ್ದರೆ ಕೊಳ್ಳುವವನಿಗೆ ಬಹುಶಃ ಮುಂದಿನ ಮಳೆಗಾಲದವರೆಗೆ ತಿಳಿಯುತ್ತಿರಲಿಲ್ಲ.

ಸಂಜೆ ಯುವಕನೊಬ್ಬನು ಬಂದನು. ಛಾಯಾಗ್ರಾಹಕನು ಮಸೂರದೊಂದಿಗೆ ಒಂದು ಟಾರ್ಚನ್ನೂ ಅವನ ಕೈಗಿತ್ತು, “ಇಲ್ಲಿ, ಅಂಚಿನಲ್ಲಿ ನೋಡಿ” ಎಂದನು. ಯುವಕನು ಬಹಳ ಹೊತ್ತು ನೋಡಿದನು. ಬೆಲೆಯ ಮಾತು ಆಮೇಲೆ ಮೊದಲಾಯಿತು.