ಹಂದಿಮರಿಯ ಮೇವಿಗೆ ಏನು ಬೆರೆಸಬೇಕು, ಯಾವಾಗ?

‘ಬೆಳವಣಿಗೆಗೆ, ರೋಗನಿರೋಧಕ ಶಕ್ತಿಗೆ’ ಎಂದು ಬರೆದ ಪೊಟ್ಟಣಗಳು ಅಂಗಡಿಗಳಲ್ಲಿ ಸಾಲುಸಾಲಾಗಿವೆ. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಗೊತ್ತಿದ್ದರೆ ದುಡ್ಡೂ ಉಳಿಯುತ್ತದೆ, ಮರಿಯೂ ಉಳಿಯುತ್ತದೆ.

1. ಗಿಣ್ಣುಹಾಲಿಗೆ ಬದಲಿಯಿಲ್ಲ. ಹಂದಿಮರಿ ಗರ್ಭದಲ್ಲಿರುವಾಗ ತಾಯಿಯ ಪ್ರತಿಕಾಯಗಳು ಅದಕ್ಕೆ ದಾಟುವುದಿಲ್ಲ, ಸಿಗುವುದೆಲ್ಲ ಗಿಣ್ಣುಹಾಲಿನಿಂದಲೇ. ಒಂದು ದಿನ ಕಳೆದರೆ ಕರುಳು ಅವನ್ನು ಹೀರಿಕೊಳ್ಳುವುದೇ ಇಲ್ಲ. ಬಡಕಲು ಮರಿಯನ್ನು ಮೊದಲು ಮೊಲೆಗೆ ಹಿಡಿಯಿರಿ.

2. ಮೂರನೇ ದಿನ ಕಬ್ಬಿಣ. ಮರಿಗೆ ದಿನಕ್ಕೆ ಸುಮಾರು 7 ಮಿ.ಗ್ರಾಂ ಬೇಕು, ತಾಯಿಹಾಲು ಕೊಡುವುದು ಬರೀ 1 ಮಿ.ಗ್ರಾಂ. ಸಿಮೆಂಟ್ ನೆಲದ ಗೂಡಿನಲ್ಲಿ ಕೆದಕಲು ಮಣ್ಣೂ ಇಲ್ಲ. 200 ಮಿ.ಗ್ರಾಂ ಐರನ್ ಡೆಕ್ಸ್‌ಟ್ರಾನ್ ಚುಚ್ಚುಮದ್ದು ಸಾಕು.

3. ಒಂದಕ್ಕೇ ದುಡ್ಡಿದ್ದರೆ ಆಮ್ಲ ಕೊಳ್ಳಿ. ಹಾಲು ಕುಡಿಯುವಷ್ಟು ದಿನ ಹೊಟ್ಟೆಯೊಳಗಿನ ಒಳ್ಳೆಯ ಬ್ಯಾಕ್ಟೀರಿಯಾಗಳೇ ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಹಾಲು ಬಿಡಿಸಿದಾಗ ಅದು ನಿಲ್ಲುತ್ತದೆ, ಮರಿಯ ಜಠರಕ್ಕೆ ಸ್ವಂತ ಆಮ್ಲ ಸಾಲದು. ಸೋಯಾ ಹಿಂಡಿಯ ಪ್ರೋಟೀನ್ ಅರೆಜೀರ್ಣವಾಗಿಯೇ ದೊಡ್ಡ ಕರುಳಿಗೆ ಇಳಿದು ಕೆಟ್ಟ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ, ಭೇದಿ ಶುರುವಾಗುತ್ತದೆ. ಮೇವಿಗೆ ಶೇ 1ರಿಂದ 2ರಷ್ಟು ಸಿಟ್ರಿಕ್ ಅಥವಾ ಫ್ಯುಮಾರಿಕ್ ಆಮ್ಲ ಬೆರೆಸಿದರೆ ಜೀರ್ಣಕ್ರಿಯೆ ಹಿಡಿತಕ್ಕೆ ಬರುತ್ತದೆ. ಆದರೆ ಅದೇ ಮೇವಿಗೆ ಸುಣ್ಣಕಲ್ಲಿನ ಪುಡಿ ಧಾರಾಳವಾಗಿ ಸುರಿದರೆ ಕೊಟ್ಟ ಆಮ್ಲವೆಲ್ಲ ಅಲ್ಲೇ ತಟಸ್ಥವಾಗುತ್ತದೆ. ಈ ಲೆಕ್ಕ ತಪ್ಪುವವರೇ ಹೆಚ್ಚು.

4. ಪ್ರೋಬಯಾಟಿಕ್ ಜೀವಂತ ವಸ್ತು. ಲ್ಯಾಕ್ಟೋಬ್ಯಾಸಿಲಸ್ ಅನ್ನು ಬಿಸಿ ಗಂಜಿಗೆ ಬೆರೆಸಿದರೆ ಸಾಯುತ್ತದೆ. ಬ್ಯಾಸಿಲಸ್ ಸಬ್ಟಿಲಿಸ್‌ನ ಬೀಜಕಗಳು ಬಿಸಿ ತಾಳುತ್ತವೆ; ಪೆಲೆಟ್ ಮೇವಿಗೆ ಅದೇ ಸೂಕ್ತ.

5. ತೌಡು, ಮೆಕ್ಕೆಜೋಳ ಹೆಚ್ಚಿದ್ದರೆ ಫೈಟೇಸ್ ಕಿಣ್ವ. ಅವುಗಳಲ್ಲಿ ಸಿಕ್ಕಿಕೊಂಡಿರುವ ರಂಜಕವನ್ನು ಅದು ಬಿಡಿಸುತ್ತದೆ.

6. ಬೆಳವಣಿಗೆಗೆಂದು ಆಂಟಿಬಯಾಟಿಕ್ ಬೇಡ. ಯುರೋಪಿಯನ್ ಒಕ್ಕೂಟ 2006ರಲ್ಲೇ ಅದನ್ನು ನಿಲ್ಲಿಸಿತು. ಭೇದಿಗೆಂದು ಭಾರಿ ಪ್ರಮಾಣದಲ್ಲಿ ಬೆರೆಸುತ್ತಿದ್ದ ಜಿಂಕ್ ಆಕ್ಸೈಡನ್ನೂ 2022ರಲ್ಲಿ ನಿಷೇಧಿಸಿತು. ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ಭಾರತ 2019ರಲ್ಲಿ ನಿಷೇಧಿಸಿದೆ. ಮನುಷ್ಯರಿಗೆ ಬೇರಾವ ಔಷಧವೂ ನಾಟದಾಗ ವೈದ್ಯರು ಕೈಹಾಕುವ ಔಷಧ ಅದು. ಹಂದಿಯ ತೊಟ್ಟಿಗೆ ಬೀಳಕೂಡದು.

7. ಬೂಸು ಹಿಡಿದ ಕಡಲೆಕಾಯಿ ಹಿಂಡಿಯನ್ನು ಎಸೆಯಿರಿ. ಅದರ ಅಫ್ಲಾಟಾಕ್ಸಿನ್ ಯಕೃತ್ತನ್ನು ಕೆಡಿಸುತ್ತದೆ, ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ. ಟಾಕ್ಸಿನ್ ಬೈಂಡರ್ ಸ್ವಲ್ಪ ವಿಷವನ್ನು ಹಿಡಿಯಬಲ್ಲದು, ಎಲ್ಲವನ್ನೂ ಅಲ್ಲ.

8. ಆಫ್ರಿಕನ್ ಹಂದಿಜ್ವರಕ್ಕೆ ಯಾವ ಪುಡಿಯೂ ತಡೆಯಲ್ಲ. 2020ರಲ್ಲಿ ಅಸ್ಸಾಂ, ಅರುಣಾಚಲದ ಮೂಲಕ ದೇಶಕ್ಕೆ ಕಾಲಿಟ್ಟ ಈ ರೋಗ ಹಂದಿಮಾಂಸದ ಚೂರಿನಲ್ಲೂ ಬರಬಲ್ಲದು. ಹೋಟೆಲಿನ ಮುಸುರೆಯನ್ನೇ ನಂಬಿದವರು ಅದನ್ನು ಕಲಕುತ್ತಾ ಅರ್ಧ ಗಂಟೆಯಾದರೂ ಚೆನ್ನಾಗಿ ಕುದಿಸಬೇಕು. ಹಸಿ ಮುಸುರೆ ತಂದ ಡ್ರಮ್ಮಿಗೆ ಬೆಂದದ್ದನ್ನು ಮತ್ತೆ ಸುರಿಯಬಾರದು.