ಎಷ್ಟು ಕಳೆದೆ ಅಂತ ಆಮೇಲೆ ಕೇಳಿ

ತುಮಕೂರು ಕಡೆಯ ಒಬ್ಬ ತಂದೆ ಮಗನನ್ನು ನನ್ನ ಬಳಿ ಕರೆದುಕೊಂಡು ಬಂದಿದ್ದರು. ಹುಡುಗ ಸೆಕೆಂಡ್ ಪಿಯುಸಿ. ಪುಟ್ಟ ವಿಮಾನ ಮೇಲೇರುತ್ತಾ ಹೋಗಿ ಯಾವಾಗಲೋ ಮಾಯವಾಗುತ್ತದಲ್ಲ, ಆ ಕ್ಯಾಸಿನೊ ಆಟದಲ್ಲಿ 18 ಸಾವಿರ ಕಳೆದಿದ್ದ. "ನಾಲ್ಕು ತಿಂಗಳ ಡೇರಿ ದುಡ್ಡು ಸಾರ್" ಎಂದು ತಂದೆ ಮೂರು ಸಲ ಹೇಳಿದರು. ಅಷ್ಟರಲ್ಲಿ ನಾನು ಹುಡುಗನ ಫೋನಿನ ಗ್ಯಾಲರಿ ತೆರೆದಿದ್ದೆ.

ಅಡುಗೆಮನೆ ಕಟ್ಟೆಯ ಮೇಲಿಟ್ಟು ತೆಗೆದ ಪ್ಯಾನ್ ಕಾರ್ಡ್. ಚಿತ್ರದ ಅಂಚಿನಲ್ಲಿ ಒಗ್ಗರಣೆ ಡಬ್ಬಿ. ಆಧಾರ್‌ನ ಎರಡೂ ಬದಿ. ಪಾಸ್‌ಬುಕ್ಕಿನ ಮೊದಲ ಪುಟ. ಒಂದರಲ್ಲೂ ಹುಡುಗನ ಹೆಸರಿಲ್ಲ, ಎಲ್ಲ ಅಪ್ಪನದೇ. "ಮುಖ ತೋರಿಸು ಅಂತ ಕೇಳಿರಬೇಕಲ್ಲ, ಆಗೇನು ಮಾಡಿದೆ?" ಎಂದೆ. ಹುಡುಗ ತಲೆ ತಗ್ಗಿಸಿದ. ಉತ್ತರ ಕೊಟ್ಟವರು ತಂದೆ: "ಫೇಸ್ ಲಾಕ್ ಸರಿಮಾಡ್ತೀನಿ, ಇಲ್ಲಿ ನೋಡಿ ಒಂದ್ಸಲ ಕಣ್ಣು ಮಿಟುಕಿಸಪ್ಪ ಅಂದಿದ್ದ."

ದಾಖಲೆ ಪರಿಶೀಲನೆಯ ಕೆಲಸದಲ್ಲಿ ವರ್ಷಗಟ್ಟಲೆ ಇದ್ದವನು ನಾನು. ಕಳೆದ ಹಣಕ್ಕೆ ಲೆಕ್ಕ ಸಿಗುತ್ತದೆ. ಕೊಟ್ಟ ದಾಖಲೆ ಯಾರ ಕೈಗೆ ಹೋಯಿತು, ಎಷ್ಟು ಪ್ರತಿಯಾಯಿತು ಎಂಬುದಕ್ಕೆ ಲೆಕ್ಕ ಸಿಗುವುದಿಲ್ಲ. ಹದಿನೆಂಟು ತುಂಬದ ಮಕ್ಕಳು ಒಪ್ಪಿಸುವುದು ಹೆಚ್ಚಾಗಿ ನಮ್ಮ ದಾಖಲೆಗಳನ್ನೇ.

ದಾಖಲೆ ಕೇಳುವುದೇ ತಪ್ಪು ಎಂದಲ್ಲ. ಬ್ರಿಟನ್ನಿನಲ್ಲಿ 2019ರ ಮೇ ತಿಂಗಳಿಂದ ಆನ್‌ಲೈನ್ ಜೂಜಿನ ಕಂಪನಿಗಳು ಆಟಗಾರನ ಹೆಸರು, ವಿಳಾಸ, ಜನ್ಮದಿನಾಂಕ ಖಚಿತಪಡಿಸಿಕೊಂಡ ಮೇಲೆಯೇ ಆಡಲು ಬಿಡಬೇಕು. ಅಪ್ರಾಪ್ತರನ್ನು ಬಾಗಿಲಲ್ಲೇ ತಡೆಯುವುದು ಉದ್ದೇಶ. ನಮ್ಮ ಮಕ್ಕಳ ಫೋನಿಗೆ ಟೆಲಿಗ್ರಾಂ, ವಾಟ್ಸ್‌ಆ್ಯಪ್ ಮೂಲಕ ಬರುವ ತಾಣಗಳಲ್ಲಿ ಈ ಕ್ರಮ ತಲೆಕೆಳಗು. ಹಣ ಹಾಕುವಾಗ ಮೊಬೈಲ್ ನಂಬರ್ ಸಾಕು, "18 ತುಂಬಿದೆಯೇ" ಎಂಬಲ್ಲಿ ಒಂದು ಟಿಕ್ ಸಾಕು. ಗೆದ್ದ ಹಣ ವಾಪಸ್ ಕೇಳಿದಾಗ ಮಾತ್ರ ಕೆವೈಸಿ ನೆನಪಾಗುತ್ತದೆ. ಐದು ಸಾವಿರ ಕಣ್ಣೆದುರು ನಿಂತಿರುವಾಗ ಹದಿನೇಳರ ಹುಡುಗ ಏನು ಕೇಳಿದರೂ ಕೊಟ್ಟುಬಿಡುತ್ತಾನೆ. ದೊಡ್ಡವರೂ ಕೊಟ್ಟದ್ದನ್ನು ನೋಡಿದ್ದೇನೆ.

ದಾಖಲೆಗಿಂತ ದೊಡ್ಡ ರಾಶಿ ಇನ್ನೊಂದಿದೆ. ಯಾವ ಹೊತ್ತಿಗೆ ಆಟ ತೆರೆದ, ಸೋತ ಮೇಲೆ ಪಂತ ಹೆಚ್ಚಿಸಿದನೋ ಇಳಿಸಿದನೋ, ಎಷ್ಟು ದಿನ ಬರಲಿಲ್ಲ, ಯಾವ ಫೋನು, ಯಾವ ಊರಿನ ಇಂಟರ್‌ನೆಟ್ಟು ಎಲ್ಲವೂ ದಾಖಲಾಗುತ್ತದೆ. ನಾಲ್ಕು ದಿನ ಆಡದಿದ್ದರೆ ಐದನೆಯ ದಿನ "ನಿಮಗೆ 500 ರೂಪಾಯಿ ಬೋನಸ್" ಎಂಬ ಮೆಸೇಜು ಬರುವುದು ಕಾಕತಾಳೀಯವಲ್ಲ.

ಕಟ್ಟುನಿಟ್ಟಿನ ನಿಯಮಗಳಿರುವ ಕಡೆಯೂ ಇಂಥ ಮಾಹಿತಿ ಕಾಪಾಡುವ ಕೆಲಸ ಸಲೀಸಾಗಿ ನಡೆದಿಲ್ಲ. ಬ್ರಿಟನ್ನಿನ ಸ್ಕೈ ಬೆಟ್ಟಿಂಗ್ ಅಂಡ್ ಗೇಮಿಂಗ್ ಕಂಪನಿ, ತಾಣಕ್ಕೆ ಬಂದವರು ಒಪ್ಪುವ ಮೊದಲೇ ಅವರ ಮಾಹಿತಿಯನ್ನು ಜಾಹೀರಾತು ಕಂಪನಿಗಳಿಗೆ ದಾಟಿಸಿದ್ದಕ್ಕೆ 2024ರಲ್ಲಿ ಅಲ್ಲಿನ ಮಾಹಿತಿ ಆಯುಕ್ತರ ಕಚೇರಿಯಿಂದ ಛೀಮಾರಿ ಹಾಕಿಸಿಕೊಂಡಿತು. ಅದಕ್ಕೂ ಮುಂಚೆ, 2019ರ ಜನವರಿಯಲ್ಲಿ, ಒಂದು ಕ್ಯಾಸಿನೊ ಸಮೂಹದ ಸರ್ವರ್ ಪಾಸ್‌ವರ್ಡ್ ಇಲ್ಲದೆ ತೆರೆದುಬಿದ್ದಿರುವುದು ಪತ್ತೆಯಾಗಿತ್ತು. ಅದರಲ್ಲಿದ್ದದ್ದು ಸುಮಾರು 10.8 ಕೋಟಿ ಪಂತಗಳ ವಿವರ. ಜೊತೆಗೆ ಆಡಿದವರ ಹೆಸರು, ಮನೆ ವಿಳಾಸ, ಫೋನ್ ನಂಬರ್, ಖಾತೆಯಲ್ಲಿ ಉಳಿದಿದ್ದ ಹಣ. ಯಾರು ಗೆದ್ದಿದ್ದಾರೆ, ಅವರ ಮನೆ ಎಲ್ಲಿದೆ ಎಂಬ ಎರಡೂ ಸಂಗತಿ ಒಂದೇ ಪಟ್ಟಿಯಲ್ಲಿ ಸಿಕ್ಕರೆ ಕಳ್ಳನಿಗೆ ಇನ್ನೇನು ಬೇಕು?

ನಮ್ಮಲ್ಲಿ ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಹಣ ಪಣಕ್ಕಿಡುವ ಆಟಗಳನ್ನೇ ನಿಷೇಧಿಸುತ್ತದೆ. ಆಡಿಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಆಡಿದವರಿಗೆ ಅದರಲ್ಲಿ ಶಿಕ್ಷೆಯಿಲ್ಲ. ಮಗನನ್ನು ಹಿಡಿದುಕೊಂಡು ಹೋದಾರು ಎಂಬ ಭಯದಲ್ಲಿ ದೂರು ಕೊಡದವರು ಬಹಳ ಮಂದಿ, ಅದಕ್ಕೇ ಹೇಳುತ್ತಿದ್ದೇನೆ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18ರೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು. ಮೀರಿದರೆ ದಂಡ 200 ಕೋಟಿವರೆಗೆ. ಆದರೆ ದಂಡ ಕಟ್ಟಬೇಕಾದವನು ಸಿಗಬೇಕಲ್ಲ. ತಾಣ ನಡೆಯುವುದು ಎಲ್ಲೋ ಸಮುದ್ರದಾಚೆ, ಇವತ್ತಿನ ವಿಳಾಸ ಬ್ಲಾಕ್ ಆದರೆ ನಾಳೆ ಒಂದಕ್ಷರ ಬದಲಿಸಿಕೊಂಡು ಬರುತ್ತದೆ.

ಮಕ್ಕಳು ಹೀಗೆ ಕೊಟ್ಟ ದಾಖಲೆಗಳು ಮುಂದೆ ಏನಾಗುತ್ತವೆ? ಹುಡುಗ ಹಣ ಹಾಕಿದ ಯುಪಿಐ ಖಾತೆಗಳ ಪಟ್ಟಿ ತೆಗೆಸಿದೆ. ಹನ್ನೊಂದು ಸಲ ಹಾಕಿದ್ದಾನೆ, ಒಂಬತ್ತು ಬೇರೆ ಬೇರೆ ಹೆಸರು; ಒಬ್ಬರದು ಟೈಲರಿಂಗ್ ಅಂಗಡಿಯ ಹೆಸರು. ಇಂಥವನ್ನು ಪೊಲೀಸರು ಮ್ಯೂಲ್ ಖಾತೆ ಎನ್ನುತ್ತಾರೆ: ಖಾತೆ ಒಬ್ಬರದು, ನಡೆಸುವವನು ಇನ್ನೊಬ್ಬ. ಕೆಲವನ್ನು ಬಾಡಿಗೆಗೆ ಕೊಟ್ಟಿರುತ್ತಾರೆ, ಕೆಲವು ಹೀಗೆ ಕೈತಪ್ಪಿದ ದಾಖಲೆಗಳ ಮೇಲೆ ತೆರೆದವು. ಗೆದ್ದ ಹಣವೂ ಇಂಥ ಖಾತೆಯಿಂದಲೇ ಬರುತ್ತದೆ. ಅದು ಇನ್ಯಾರಿಗೋ ಮೋಸಮಾಡಿ ತೆಗೆದ ದುಡ್ಡಾಗಿದ್ದರೆ, ದೂರು ದಾಖಲಾದ ಮೇಲೆ ನಿಮ್ಮ ಬ್ಯಾಂಕ್ ಖಾತೆಯೇ ಫ್ರೀಜ್ ಆಗಬಹುದು. ಗೆದ್ದದ್ದು ಎರಡು ಸಾವಿರ, ಸಂಬಳ ಸಿಕ್ಕಿಹಾಕಿಕೊಂಡದ್ದು ತಿಂಗಳುಗಟ್ಟಲೆ.

ಆದ್ದರಿಂದ ಆ್ಯಪ್ ಅಳಿಸಲು ಆತುರ ಬೇಡ. ಅಳಿಸಿದರೆ ನಿಮ್ಮ ಬಳಿಯ ಸಾಕ್ಷಿ ಹೋಗುತ್ತದೆ, ಅವರ ಬಳಿಯ ದಾಖಲೆ ಹೋಗುವುದಿಲ್ಲ. ಮೊದಲು ಇಂಟರ್‌ನೆಟ್ ಆಫ್ ಮಾಡಿ. ಆ್ಯಪ್ ಪ್ಲೇ ಸ್ಟೋರಿನಿಂದ ಬಾರದೆ ಎಪಿಕೆ ಫೈಲಾಗಿ ಬಂದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಅದಕ್ಕೆ ಎಸ್‌ಎಂಎಸ್ ಓದುವ ಅನುಮತಿ ಇದೆಯೇ ನೋಡಿ. ಇದ್ದರೆ ಬ್ಯಾಂಕಿನ ಒಟಿಪಿಯನ್ನೂ ಅದು ಓದಬಲ್ಲದು, ಆ ಅನುಮತಿಯನ್ನು ತಕ್ಷಣ ತೆಗೆಯಿರಿ. ತಾಣದ ವಿಳಾಸ, ಚಾಟ್, ಹಣ ಹೋದ ಖಾತೆಗಳ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡಿ, ಆಮೇಲೆ ಆ್ಯಪ್ ಅಳಿಸಿ. ಯುಪಿಐನಲ್ಲಿ ಆಟೋಪೇ ಯಾವುದಾದರೂ ಉಳಿದಿದೆಯೇ ಎಂದೂ ನೋಡಿ. ಆಧಾರ್ ಆ್ಯಪಿನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಲು ಎರಡು ನಿಮಿಷ ಸಾಕು. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂಬುದನ್ನು ಸರ್ಕಾರದ ಸಂಚಾರ್ ಸಾಥಿ ತಾಣ ತೋರಿಸುತ್ತದೆ. ಕ್ರೆಡಿಟ್ ರಿಪೋರ್ಟ್ ವರ್ಷಕ್ಕೊಮ್ಮೆ ಉಚಿತ. ನೀವು ಕೇಳದ ಸಾಲ ಅಲ್ಲಿ ಕಂಡರೆ ಎಲ್ಲಿಂದ ಬಂತೆಂದು ಊಹಿಸಬಹುದು.

ಇಷ್ಟನ್ನೂ ಮಾಡಬೇಕಾದರೆ ಕೊಟ್ಟದ್ದು ಏನೇನು ಎಂದು ಗೊತ್ತಿರಬೇಕು. ಅದು ಗೊತ್ತಿರುವುದು ಹುಡುಗನೊಬ್ಬನಿಗೇ. ಬೈಸಿಕೊಂಡ ಹುಡುಗ ಅರ್ಧ ಮುಚ್ಚಿಡುತ್ತಾನೆ.

ತಂದೆಯನ್ನು ಕಾಫಿಗೆಂದು ಹೊರಗೆ ಕಳಿಸಿ, ಹುಡುಗನ ಕೈಗೆ ಹಾಳೆ ಪೆನ್ನು ಕೊಟ್ಟೆ. ಬರೆದ. ಅಪ್ಪನ ಪ್ಯಾನ್, ಅಪ್ಪನ ಆಧಾರ್, ಪಾಸ್‌ಬುಕ್, ಮುಖ. ಸ್ವಲ್ಪ ಹೊತ್ತು ಪೆನ್ನು ಕಚ್ಚಿಕೊಂಡು ಕೂತ. ಹೊಸ ಖಾತೆ ತೆರೆದರೆ ಬೋನಸ್ ಕೊಡುತ್ತಿದ್ದರಂತೆ. ಅದೇ ಫೋನಿನಲ್ಲಿ ಬೇರೆ ಹೆಸರಿನಲ್ಲಿ ಇನ್ನೊಂದು ತೆರೆದಿದ್ದ, ಅವರು ಪತ್ತೆಹಚ್ಚಿ ಎರಡೂ ಖಾತೆಯ ಹಣ ತಡೆಹಿಡಿದಿದ್ದರು. ಐದನೆಯ ಸಾಲಿನಲ್ಲಿ ಬರೆದ: ಅಮ್ಮನ ವೋಟರ್ ಐಡಿ.